ಸಬ್ಸಿಡಿಗೆ ಕಾದ ತೋಪು

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಂಡ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಅಕ್ಕನನ್ನು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಫೋನ್ ಮಾಡಿದಾಗಲೂ ಹೊಲಿಗೆ ಅಂಗಡಿಯಲ್ಲಿ ಜನ ಇದ್ದಾರೆ ಎಂದು ಇಟ್ಟುಬಿಟ್ಟೆ. ಯಾರೂ ಇರಲಿಲ್ಲ. ನಿನ್ನ ಹತ್ತಿರ ಮಾತಾಡಲು ನಾಚಿಕೆಯಾಗಿತ್ತು, ಅಷ್ಟೇ. ಅಮ್ಮ ನನ್ನ ಜೊತೆ ಆರಾಮಾಗಿದ್ದಾಳೆ. ಅವಳ ಮಂಡಿ ಮಾತ್ರ ಈ ವರ್ಷ ಪೂರ್ತಿ ಕೈಕೊಟ್ಟಿದೆ. ನಿನ್ನ ಮಗಳ ಬೊಚ್ಚುಬಾಯಿ ಫೋಟೊವನ್ನು ಬಂದವರಿಗೆಲ್ಲ ತೋರಿಸಿ ಪ್ರಾಣ ತಿನ್ನುತ್ತಾಳೆ.

ತೋಪಿನ ಬಗ್ಗೆ ನೀನು ಕೇಳಿದ ಸುದ್ದಿ ನಿಜ. ನಾವು ಮೂವರೂ ಸೇರಿ ನೆಟ್ಟು, ಅಮ್ಮ ನಮ್ಮಿಬ್ಬರ ಹೆಸರಿಗೆ ಬರೆದುಕೊಟ್ಟ ಗುಡ್ಡದ ಪೈನ್ ಮರಗಳು ಹೋದ ತಿಂಗಳ ಗಾಳಿಗೆ ಬಹುಪಾಲು ಮಲಗಿಬಿಟ್ಟವು. "ಎಂಥಾ ಗಾಳಿ ಅಂತೀರಿ!" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಪಕ್ಕದಲ್ಲೇ ಇರುವ ಬಡಗಿಯ ತೋಪಿಗೆ ಅದೇ ಗಾಳಿ ಏನೂ ಮಾಡಲಿಲ್ಲ ಎಂಬುದನ್ನು ಮಾತ್ರ ನುಂಗಿಕೊಂಡೆ.

ಅಮ್ಮನ ಪದ್ಧತಿ ನಿನಗೆ ಗೊತ್ತಲ್ಲ. ಪ್ರತಿ ಚಳಿಗಾಲ ಗರಗಸ ಹಿಡಿದು ಹೋಗಿ, ಸೊರಗಿದ್ದು ಸೊಟ್ಟಗಿದ್ದು ಅಂತ ಒಂದಷ್ಟು ಮರ ತೆಗೆದು ಬರುತ್ತಿದ್ದಳು. "ಉಳಿದವು ಉಸಿರಾಡ್ಲಿ ಕಣೇ" ಅನ್ನುತ್ತಿದ್ದಳು. ಅಷ್ಟರಲ್ಲಿ ಬಂತು ನೋಡು ಸಬ್ಸಿಡಿ. ಒತ್ತಾಗಿ ಬೆಳೆದ ಖಾಸಗಿ ತೋಪಿನಲ್ಲಿ ಮೂರಕ್ಕೊಂದು ಮರವನ್ನು ಒಂದೇ ಸಲಕ್ಕೆ ಕಡಿಸಿದರೆ ಖರ್ಚೆಲ್ಲ ಸರ್ಕಾರದ್ದು. ಅಮ್ಮನ ಹಾಗೆ, ಆ ಬಡಗಿಯ ಹಾಗೆ ವರ್ಷವರ್ಷ ಸ್ವಲ್ಪ ಸ್ವಲ್ಪ ತೆಗೆಯುವವರಿಗೆ ಬಿಡಿಗಾಸೂ ಇಲ್ಲ. ನೋಡಲು ಬಂದ ಅಧಿಕಾರಿ, "ನಿಮ್ಮದು ಇನ್ನೂ ಒತ್ತಾಗಿಲ್ಲ. ಹಾಗೇ ಬಿಡಿ, ಆಮೇಲೆ ನೋಡೋಣ" ಎಂದ. ಪುಕ್ಕಟೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮನೆಗೆ ಬಂದವಳೇ ಅಮ್ಮನ ಗರಗಸ ಕಿತ್ತುಕೊಂಡು ಅಂಗಡಿಯೊಳಗೆ ಇಟ್ಟು ಬೀಗ ಹಾಕಿದೆ. "ಇನ್ಮೇಲೆ ಒಂದು ಮರ ಮುಟ್ಟಿದ್ರೆ ನೋಡು" ಎಂದು ಚಿಕ್ಕ ಮಗುವನ್ನು ಗದರಿಸಿದ ಹಾಗೆ ಗದರಿಸಿದೆ. ಅಮ್ಮ ಹೂಂ ಎಂದು ತಲೆಯಾಡಿಸಿದಳು.

ವರ್ಷಗಟ್ಟಲೆ ಕಾದೆ. ಮರಗಳು ಬೆಳಕಿಗಾಗಿ ನೂಕಾಡುತ್ತಾ ಕಡ್ಡಿಯ ಹಾಗೆ ಉದ್ದವಾದವು. ಕೊನೆಗೆ ಒಪ್ಪಿಗೆ ಸಿಕ್ಕಿತು, ಯಂತ್ರ ಬಂತು, ನೋಡನೋಡುತ್ತಲೇ ಮೂರಕ್ಕೊಂದು ಮರ ಲಾರಿ ಹತ್ತಿತು. ನಾನು ಬೀಗುತ್ತಾ ನೋಡಿದೆ. ಉಳಿದ ಮರಗಳು ಅಷ್ಟು ಕಾಲ ಒಂದಕ್ಕೊಂದು ಆಸರೆಯಾಗಿ ನಿಂತಿದ್ದವು, ಆಸರೆ ತಪ್ಪಿದ ಮೇಲೆ ಮೊದಲ ದೊಡ್ಡ ಗಾಳಿಯನ್ನೂ ತಡೆಯಲಿಲ್ಲ. ಅದೇ ಅಧಿಕಾರಿ ಬಂದು, "ಛೆ, ಇಷ್ಟು ತಡ ಮಾಡಬಾರದಿತ್ತು" ಎಂದ. ಕಾಯಲು ಹೇಳಿದವನೇ ಅವನು. ಆದರೆ ಗರಗಸಕ್ಕೆ ಬೀಗ ಹಾಕಿದ್ದು ನಾನಲ್ಲವೇ?

ನಿನ್ನ ಪಾಲಿನ ಮರಗಳನ್ನು ಕಡಿಸುವಾಗ ನಿನ್ನನ್ನು ಒಂದು ಮಾತು ಕೇಳಲಿಲ್ಲ. ಅದಕ್ಕೆ ಏನು ಬೇಕಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ.

ಚೆನ್ನಾಗಿರು. ಮಗಳು ನೂರು ವರ್ಷ ಬಾಳಲಿ, ಅತ್ತೆಯ ಬುದ್ಧಿಯೊಂದು ಅವಳಿಗೆ ಬಾರದಿರಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಹಾಕಿದ ಪತ್ರವನ್ನು ಮತ್ತೆ ಹೊರಗೆ ತೆಗೆದಿದ್ದೇನೆ. ನಿನ್ನೆ ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತಳು. ಮಂಡಿ ಗಟ್ಟಿಯಿರುವವರೆಗೂ ಬಡಗಿಯ ಗರಗಸ ಕೇಳಿ ತಂದು, ನನಗೆ ತಿಳಿಯದ ಹಾಗೆ ತೋಪಿನ ತೊರೆ ಪಕ್ಕದ ಮೂಲೆಯಲ್ಲಿ ಮರ ತೆಗೆಯುತ್ತಲೇ ಇದ್ದಳಂತೆ. "ನಿನ್ನ ಮಾತು ಮೀರಿದೆ ಕಣೇ. ನಾನು ಮಾಡಿದ ಸಂದೀಲೇ ಗಾಳಿ ನುಗ್ಗಿರ್ಬೇಕು. ನನ್ನಿಂದ ನಿಮ್ಮಿಬ್ಬರ ತೋಪು ಹೋಯ್ತು" ಎಂದಳು. ಗುಂಡ, ಇವತ್ತು ನೆಟ್ಟಗೆ ನಿಂತಿರುವುದು ಆ ಮೂಲೆಯೊಂದೇ. ಗುಡ್ಡ ಹತ್ತಲಾಗದ ಅಮ್ಮನಿಗೆ ಅದು ಗೊತ್ತಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ. ಬಂದ ಮಾತು, "ಹೋಗ್ಲಿ ಬಿಡಮ್ಮ, ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ." ಅವಳು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.