ಗೆದ್ದು ಅತ್ತ ರಾಜ

ಅಣ್ಣ,

ನೀನು ತೀರಿಕೊಂಡಿದ್ದರೂ ನಿನಗಿದನ್ನು ಹೇಳದೆ ಇರಲಾಗುತ್ತಿಲ್ಲ. ನೀನು ರಾಜನಾಗಿ ನಟಿಸಿದ ಮೂಕಿ ಚಿತ್ರ ನಿನ್ನೆ ಚನ್ನಪಟ್ಟಣದ ಟೆಂಟಿಗೆ ಮತ್ತೆ ಬಂದಿತ್ತು. ಹಾಸ್ಟೆಲಿನಲ್ಲಿ ಪರ್ಮಿಶನ್ ಕೇಳದೆ ರೈಲು ಹತ್ತಿಬಿಟ್ಟೆ. ಜನ ನಕ್ಕರೆ ಚಿತ್ರವನ್ನು ವಾಪಸು ಕಳಿಸುತ್ತೇನೆಂದು ಟೆಂಟಿನ ಯಜಮಾನ ಮೊದಲೇ ಹೇಳಿದ್ದನಂತೆ.

ಯುದ್ಧ ಗೆದ್ದ ನೀನು ರಣದಲ್ಲಿ ಕೂತು ಅಳುವ ದೃಶ್ಯ ಬಂತು. ತೆರೆಯ ಪಕ್ಕ ನಿಂತು ಕಥೆ ಹೇಳುವ ಮರಿಸ್ವಾಮಿ, "ನೋಡ್ರಪ್ಪಾ, ರಾಜಂಗೆ ಹೊಟ್ಟೆನೋವು" ಎಂದ. ಅರ್ಧ ಟೆಂಟು ನಕ್ಕಿತು.

ಬೊಂಬೆ ಮಾಡುವ ಅಸದುಲ್ಲಾ ಸಾಹೇಬರು ಎದ್ದು ನಿಂತರು. "ಒಸಿ ಬಾಯ್ಮುಚ್ಕೊಳಯ್ಯಾ. ಈ ಅಳು ನೋಡಕ್ಕೇ ನಾವು ವರ್ಷಾವರ್ಷ ಬರೋದು. ತೆರೇಲಿರೋ ಇಂಗ್ಲೀಷ್ ಅಕ್ಷರಾನ ಯಾರಾದ್ರೂ ಓದಿ ಹೇಳ್ರಪ್ಪಾ."

ನಾನು ಎದ್ದೆ. ಮುಂದೆ ಹೋಗಿ, ತೆರೆಯ ಮೇಲಿದ್ದ ನಿನ್ನ ಮಾತನ್ನು ಕನ್ನಡದಲ್ಲಿ ಜೋರಾಗಿ ಹೇಳಿದೆ: "ಸತ್ತ ವೈರಿಗೂ ಒಬ್ಬ ತಾಯಿ ಇದ್ದಾಳೆ." ಕೊನೆಯವರೆಗೂ ಯಾರೂ ನಗಲಿಲ್ಲ.

ಚಿತ್ರ ಮುಗಿದ ಮೇಲೆ ಸಾಹೇಬರು, "ಯಾರ ಪೈಕಿ ಮಗಾ ನೀನು?" ಎಂದು ಕೇಳಿದರು.

"ರಾಜನ ತಮ್ಮ" ಎಂದೆ.

ಜನ ನಗುತ್ತಾರೆಂದು ಇಷ್ಟು ದಿನ ಮುಚ್ಚಿಟ್ಟಿದ್ದೆ; ಹಾಗೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅಣ್ಣ. ಯಜಮಾನ ಇವತ್ತೂ ಚಿತ್ರ ಇಟ್ಟಿದ್ದಾನೆ. ಹಾಸ್ಟೆಲಿನಿಂದ ಹೊರಗೆ ಹಾಕಿದರೂ ಸರಿಯೇ, ಸಂಜೆ ನಾನು ಅಲ್ಲಿರುತ್ತೇನೆ.