ಎರಡನೆಯ ಸಲದ ಶೇಷ

ಮಾರ್ಚ್ ೯, ಸೋಮವಾರ

ಮಗಳ ಅಪ್ಪನಿಗೆ,

ಹನ್ನೊಂದು ವರ್ಷದ ಮೇಲೆ ಹೇಗಿದ್ದೀರಿ ಎಂದು ಕೇಳುವುದಕ್ಕೂ ಸಂಕೋಚ. ನಾನು ಇದ್ದೇನೆ. ಮಂಡಿ ನೋವು, ಅದೇ ಕಾಲೇಜು, ಅದೇ ಕಂಪ್ಯೂಟರ್ ಕೋಣೆ, ಬೀಗದ ಕೈ ಇನ್ನೂ ನನ್ನ ಹತ್ತಿರವೇ. ಮಗಳು ಚೆನ್ನಾಗಿದ್ದಾಳೆ. ನಿಮ್ಮ ಹಾಗೆಯೇ, ಮೂರು ಸಲ ಕರೆದರೆ ಒಂದು ಸಲ ಓಗೊಡುತ್ತಾಳೆ.

ಸುತ್ತಿ ಬಳಸಿ ಹೇಳುವಷ್ಟು ತ್ರಾಣವಿಲ್ಲ. ನಿಮ್ಮ ಆ ಸಂಖ್ಯೆ, ನಾನು ಮಹಾರಾಯ ಎಂದು ಬೈಯುತ್ತಿದ್ದೆನಲ್ಲ, ಅದು ಅವಿಭಾಜ್ಯವೇ. ಒಂದರಿಂದ ಮತ್ತು ತನ್ನಿಂದಲ್ಲದೆ ಇನ್ಯಾವುದರಿಂದಲೂ ಭಾಗವಾಗುವುದಿಲ್ಲ. ಹಳೆಯ ಫಲಿತಾಂಶಗಳನ್ನು ಪರಿಶೀಲಿಸುವ ಗುಂಪೊಂದು ಎರಡು ಸಲ ಮಾಡಿ ನೋಡಿದೆ. ಅಂದಿನ ನಮ್ಮ ಎರಡನೆಯ ಪರೀಕ್ಷೆಯ ಕೆಳಗೆ ನನ್ನ ಸಹಿಯಿತ್ತು, ಹಾಗಾಗಿ ತಪ್ಪು ಹೇಗಾಯಿತೆಂದು ನನ್ನನ್ನೇ ಕೇಳಿದ್ದಾರೆ.

ಕ್ರಮ ನಿಮಗೆ ನಾನು ಹೇಳಬೇಕೇ? ನಾಲ್ಕರಿಂದ ಶುರು, ಅದನ್ನು ಅದರಿಂದಲೇ ಗುಣಿಸಿ ವರ್ಗ ಮಾಡು, ಎರಡು ಕಳೆ, ಮಹಾರಾಯನಿಂದ ಭಾಗಿಸು, ಉಳಿದದ್ದನ್ನು ಮತ್ತೆ ವರ್ಗ ಮಾಡು. ಕೋಟಿಗಟ್ಟಲೆ ಸಲ. ಕೊನೆಗೆ ಸೊನ್ನೆ ಉಳಿದರೆ ಅವಿಭಾಜ್ಯ. ನಡುವೆ ಯಂತ್ರ ಒಂದು ಅಂಕಿ ಎಡವಿದರೂ ಮುಂದಿನದೆಲ್ಲ ನೀರುಪಾಲು. ಅದಕ್ಕೇ ಎರಡು ಯಂತ್ರ, ನಿಮ್ಮದು ಮನೆಯ ಕೋಣೆಯಲ್ಲಿ, ನನ್ನದು ಕಾಲೇಜಿನಲ್ಲಿ. ಪ್ರತಿ ಹತ್ತು ಲಕ್ಷ ಹೆಜ್ಜೆಗೊಮ್ಮೆ ಎರಡರ ಶೇಷವನ್ನೂ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ನೀವು ನಂಬಿ ಬಿಟ್ಟಿದ್ದಿರಿ.

ಏಳು ತಿಂಗಳಾದ ಮೇಲೆ ನಿಮ್ಮಲ್ಲಿ ಸೊನ್ನೆ ಬರಲಿಲ್ಲ. ನನ್ನದೂ ಅದೇ ಎಂದೆ. ಹಾಗಾದರೆ ಯಾವುದರಿಂದ ಭಾಗವಾಗುತ್ತದೆ ಎಂದೂ ಕೇಳಿದೆ, ಮಾನಗೆಟ್ಟವಳು. ಆ ಪರೀಕ್ಷೆ ಅದನ್ನು ಹೇಳುವುದಿಲ್ಲ, ಆಗುತ್ತದೆ ಎಂದಷ್ಟೇ ಹೇಳುತ್ತದೆ ಎಂದಿರಿ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಒಂದು ದಿನ ಪೆಟ್ಟಿಗೆ ಹಿಡಿದು ಹೊರಟೇಬಿಟ್ಟಿರಿ.

ನನ್ನ ಪರೀಕ್ಷೆ ಮುಗಿದೇ ಇರಲಿಲ್ಲ. ಕಾಲೇಜು ಮಕ್ಕಳ ಪರೀಕ್ಷೆಗೆ ಯಂತ್ರ ಬೇಕೆಂದರು, ನಡುವೆಯೇ ನಿಲ್ಲಿಸಿದೆ. ಆಮೇಲಿನದೆಲ್ಲ ನಿಮ್ಮದನ್ನೇ ನೋಡಿ ಬರೆದದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಏನು ಪ್ರಯೋಜನ? ಸೊನ್ನೆ ಬಂದವರಿಗೇ ಕಂಡುಹಿಡಿದ ಹೆಸರು ಎಂಬುದು ಆ ಗುಂಪಿನವರ ನಿಯಮ, ನಿಮಗೆ ಸಿಗುವುದಿಲ್ಲ. ನನ್ನ ಫಲಿತಾಂಶ ಸುಳ್ಳು ಎಂದು ಇವತ್ತು ಅವರಿಗೆ ಬರೆದಿದ್ದೇನೆ. ಕಾಲೇಜಿನವರು ಬೀಗದ ಕೈ ಕೇಳಿದರೆ ಕೊಡುತ್ತೇನೆ. ಸಾಕಾಗಿದೆ.

ನೀವು ಇಲ್ಲದ್ದರ ಹಿಂದೆ ಬಿದ್ದಿರಲಿಲ್ಲ. ಅದನ್ನು ಬೇರೆಯವರಿಂದ ಕೇಳುವುದು ಬೇಡ ಎಂದು ಬರೆದೆ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ಯಂತ್ರ ಬೇಕೆಂದು ಯಾರೂ ಕೇಳಿರಲಿಲ್ಲ. ಮೇಲೆ ಬರೆದದ್ದು ಸುಳ್ಳು, ಹರಿದು ಹೊಸದಾಗಿ ಬರೆಯಲು ಕೈಲಾಗಲಿಲ್ಲ. ಹನ್ನೆರಡನೆಯ ತಾಳೆಯಲ್ಲಿ ನಮ್ಮಿಬ್ಬರ ಅಂಕಿ ಬೇರೆಬೇರೆ ಬಂದಿದ್ದವು. ಹದಿಮೂರನೆಯದರಲ್ಲೂ. ಯಾರದು ತಪ್ಪೋ ಆಗ ಗೊತ್ತಿರಲಿಲ್ಲ. ಆ ಗುಂಪಿನವರು ಕಳಿಸಿದ ಶೇಷಗಳ ಪಟ್ಟಿಯ ಜೊತೆ ನಿನ್ನೆ ಹೋಲಿಸಿದೆ, ನನ್ನದೇ ಸರಿಯಿತ್ತು. ನನ್ನ ಯಂತ್ರವನ್ನು ಓಡಲು ಬಿಟ್ಟಿದ್ದರೆ ಸೊನ್ನೆ ನಮ್ಮಲ್ಲೇ ಬರುತ್ತಿತ್ತು. ಆದರೆ ಅವತ್ತು ಹೇಳಿದ್ದರೆ ನೀವು ಮೊದಲಿನಿಂದ ಶುರು ಮಾಡುತ್ತಿದ್ದಿರಿ. ನಾಲ್ಕು ವರ್ಷದ ಮಗು ನಿಮ್ಮ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಕೂತು ಆಡುತ್ತಿತ್ತು. ನನ್ನ ಅಂಕಿ ಹೊಡೆದುಹಾಕಿ ನಿಮ್ಮದನ್ನು ಬರೆದೆ. ಸೋತರೆ ನಮ್ಮ ಜೊತೆ ಊಟಕ್ಕೆ ಕೂರುತ್ತೀರಿ ಎಂದುಕೊಂಡಿದ್ದೆ.