ನರದ ಸೂಜಿ

ಹೊನ್ನವಳ್ಳಿ
12-2-1984, ಭಾನುವಾರ

ಚಿರಂಜೀವಿ ತೋಂಟದಾರ್ಯನಿಗೆ ನಿನ್ನ ಅವ್ವನ ಆಶೀರ್ವಾದ.

ಭದ್ರಾವತಿಯ ಕಾರ್ಖಾನೆ ಹೊಗೆಗೆ ಹತ್ತಿದ ಕೆಮ್ಮು ಈಗ ಹೇಗಿದೆ? ರಾತ್ರಿ ಪಾಳಿ ಮುಗಿಸಿ ಬಂದು ಹಸಿದು ಮಲಗಬೇಡ. ಇಲ್ಲಿ ನಾನು, ನಿನ್ನ ತಮ್ಮ ಮರುಳಪ್ಪ, ನಿನ್ನ ಹೆಂಡತಿ ಸರ್ವಮಂಗಳ ಎಲ್ಲರೂ ಚೆನ್ನಾಗಿದ್ದೇವೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನರದ ಸೂಜಿ ಹಾಕಿಸಿಕೊಂಡು ಬಂದೆ. ಇಷ್ಟು ದಿನ ಎಲ್ಲರಿಗೂ ಸೊಂಟ ನೋವು ಎಂದೇ ಹೇಳುತ್ತಿದ್ದೆ. ನಿಜವಾದ ನೋವಿದ್ದದ್ದು ಅದರ ಕೆಳಗೆ, ಕುಂಡಿಯಲ್ಲಿ. ಗಂಡಸು ಡಾಕ್ಟರ ಮುಂದೆ ನನಗೆ ಬಾಯಿ ಬರಲಿಲ್ಲ. ಸರ್ವಮಂಗಳನೇ ಕೈಯಿಟ್ಟು ತೋರಿಸಿ, ‘ಇಲ್ಲಿಂದ ಹಿಡ್ಕೊಂಡು ಹಿಮ್ಮಡಿಗಂಟ ಎಳೀತದೆ ಡಾಕ್ಟ್ರೇ, ನಮ್ಮತ್ತೆ ಕೂತ್ಕೊಂಡು ಉಂಡು ಎಷ್ಟೋ ಕಾಲ ಆಯ್ತು’ ಎಂದಳು. ಬೆನ್ನುಮೂಳೆಯ ಸಂದಿಯಲ್ಲಿ ನರ ಒತ್ತಿಕೊಂಡಿದೆ, ಅದರ ಪಕ್ಕಕ್ಕೇ ಮದ್ದು ಬಿಡುತ್ತೇವೆ, ಕೆಲವರಿಗೆ ಬಹಳ ದಿನ ನಿಲ್ಲುತ್ತದೆ, ಕೆಲವರಿಗೆ ಇಲ್ಲ ಎಂದರು ಅವರು. ಮಗ್ಗುಲಾಗಿ ಮಲಗಿಸಿ, ಮಂಡಿ ಹೊಟ್ಟೆಗೆ ಸೇರಿಸಿ, ಬೆನ್ನಿಗೆ ಸೂಜಿ ಇಳಿಸಿದಾಗ ಕಾಲಿನುದ್ದಕ್ಕೂ ಬೆಂಕಿ ಹರಿದಂತಾಯಿತು. ಆಮೇಲೆ ಕಾಲೇ ಇಲ್ಲವೇನೋ ಅನ್ನಿಸಿತು. ಹೆದರಿ ಅವಳ ಕೈ ಹಿಡಿದುಕೊಂಡೆ. ‘ಜೋಮು ಹಿಡಿದದೆ ಅಷ್ಟೇ ಕಣತ್ತೆ, ಬುಡ್ತದೆ’ ಎನ್ನುತ್ತಾ ಪಾದ ಉಜ್ಜುತ್ತಲೇ ಇದ್ದಳು. ಸಂಜೆಗೆ ಎದ್ದು ನಡೆದೆ. ಊರಿಗೆ ಬಂದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆಯನ್ನೂ ಮಾಡಿದೆ.

ಮದುವೆಯಾದಾಗಿನಿಂದ ಆ ಹುಡುಗಿ ನಿನ್ನ ಜೊತೆ ಸಂಸಾರ ಮಾಡಿದ್ದಕ್ಕಿಂತ ನನ್ನ ಸೊಂಟ ನೀವಿದ್ದೇ ಹೆಚ್ಚು. ಕ್ವಾರ್ಟರ್ಸ್ ಸಿಕ್ಕಿತೆಂದು ನೀನು ಬರೆದದ್ದನ್ನು ನನಗೆ ಓದಿ ಹೇಳಿದವಳು, ಎದ್ದು ಹೋಗಿ ನನ್ನ ಶಾಖಕ್ಕೆ ನೀರು ಕಾಯಿಸಲು ಒಲೆ ಹಚ್ಚಿದಳು. ಹೋಗುತ್ತೇನೆ ಎನ್ನಲಿಲ್ಲ. ಈಗ ನಾನೇ ಹೊರಡಿಸುತ್ತಿದ್ದೇನೆ. ‘ನಂಗೆ ವಾಸಿಯಾಯ್ತು, ಇನ್ನು ನಿಮ್ಮ ಸಂಸಾರ ನೋಡ್ಕೋ ಹೋಗವ್ವ’ ಎಂದೆ. ನಂಬದೆ ನಿನ್ನೆ ನನ್ನನ್ನು ಅಂಗಳದಲ್ಲಿ ನಡೆಸಿ ನೋಡಿದಳು. ಆಮೇಲೆ ಸೀರೆ ಮಡಿಸತೊಡಗಿದಳು. ಗುರುವಾರ ಮರುಳಪ್ಪ ಕರೆತಂದು ಬಿಡುತ್ತಾನೆ. ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಬಾ. ಅವಳು ಕಡಿಮೆ ಮಾತಿನವಳು, ನೀನೇ ಕೇಳಿ ಬಡಿಸು.

ಗುರುಗಳು ನಿಮ್ಮಿಬ್ಬರ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ಅವ್ವ,
ದ್ರಾಕ್ಷಾಯಣಮ್ಮ

ಇನ್ನೊಂದು ಮಾತು: ನೋವು ಶುಕ್ರವಾರವೇ ತಿರುಗಿ ಬಂದಿದೆ. ಈ ಕಾಗದ ಬರೆದುಕೊಡುತ್ತಿರುವ ಮರುಳಪ್ಪನಿಗೆ ಮಾತ್ರ ಗೊತ್ತು, ಅವನೇ ಇನ್ನೊಂದು ಸೂಜಿಗೆ ಕರೆದೊಯ್ಯುತ್ತಾನೆ. ಇದನ್ನು ಓದಿ ಹರಿದುಬಿಡು. ಸರ್ವಮಂಗಳ ಹಬ್ಬಕ್ಕೆ ಬಂದು ನನ್ನನ್ನು ನೋಡುತ್ತೇನೆ ಎಂದರೆ ರಜಾ ಇಲ್ಲ ಅನ್ನು. ಗುರುವಾರದವರೆಗೆ ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದಾಗದು.